ಹಳೇ ಡಿ-50 ಡೋಜರ್ ತಗೊಳ್ಳಬಹುದಾ? ತೋಟದ ದಾರಿ, ಬೇಣದ ಕೆಲಸಕ್ಕೆ (ಶಿರಸಿ)

ಬೇಣದಮನೆ (ಶಿರಸಿ)
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದೊಂದೇ ವಿಷಯ ತಲೆ ಕೊರೆಯುತ್ತಾ ಇದೆ. ಇಲ್ಲಿ ತಿಳಿದವರು ಇದ್ದೀರಿ ಅಂತ ಕೇಳುತ್ತಾ ಇದ್ದೇನೆ.

ನಮ್ಮ ಮನೆ ಶಿರಸಿ-ಕುಮಟಾ ರಸ್ತೆಯಿಂದ 2 ಕಿಲೋಮೀಟರ್ ಒಳಗೆ. ಎರಡೂವರೆ ಎಕರೆ ಅಡಿಕೆ ತೋಟ, ಅದರ ಮೇಲೆ 6 ಎಕರೆ ಮಾಲ್ಕಿ ಬೇಣ (ನಮ್ಮದೇ ಹೆಸರಿನಲ್ಲಿರುವ ಹುಲ್ಲುಗಾವಲು). ತೋಟಕ್ಕೆ ಪಿಕಪ್ ಇಳಿಯುವ ದಾರಿ ಆಗಬೇಕು. ಈಗ ಅಡಿಕೆ ಕೊನೆ (ಗೊನೆ) ಕೊಯ್ದರೆ ತಲೆಹೊರೆಯಲ್ಲೇ ಮೇಲೆ ತರಬೇಕು, ಹೊರುವ ಆಳು ಸಿಗುತ್ತಿಲ್ಲ. ಬೇಣದಲ್ಲಿ ಹಳೇ ಗೇರಿನ ಬೊಡ್ಡೆ ಕೀಳಿಸಬೇಕು, ಅಡಿಕೆ ಒಣಗಿಸಲು ಅಂಗಳ ಸಮ ಮಾಡಬೇಕು, ಒಂದು ಕೃಷಿ ಹೊಂಡವೂ ಬೇಕು. ಹೋದ ವರ್ಷ ಜೇಸಿಬಿಗೆ 46 ತಾಸಿನ ಬಾಡಿಗೆ ಕೊಟ್ಟೆ, ಅರ್ಧ ಕೆಲಸವೂ ಆಗಲಿಲ್ಲ. ಜನವರಿಯಿಂದ ಮೇ ತನಕ ಎಲ್ಲರಿಗೂ ಅದೇ ಬೇಕು, ಹೇಳಿ ಮೂರು ವಾರ ಕಾಯಬೇಕು.

ಈಗ ಮುಂಡಗೋಡ ಕಡೆ ಒಂದು ಜಲ್ಲಿ ಕ್ರಶರ್ ಹತ್ತಿರ ಬೆಮೆಲ್ ಕಂಪನಿಯ ಡಿ-50 ಡೋಜರ್ (ಚೈನ್ ಮೇಲೆ ಓಡಿ, ಮುಂದಿನ ಬ್ಲೇಡಿನಿಂದ ಮಣ್ಣು ತಳ್ಳುವ ಗಾಡಿ) ನಿಂತಿದೆ. ಮೂರು ವರ್ಷ ಓಡಿಲ್ಲ. 7.25 ಲಕ್ಷ ಹೇಳುತ್ತಿದ್ದಾರೆ. ಬೇರೆ ಬ್ಯಾಟರಿ ಹಚ್ಚಿದಾಗ ಎಂಜಿನ್ ಚಾಲೂ ಆಯಿತು. ಮುಂದೆ, ಹಿಂದೆ ಹೋಗುತ್ತದೆ, ಎಡಕ್ಕೆ ಮಾತ್ರ ತಿರುಗುವುದಿಲ್ಲ. "ಅದೇನು ದೊಡ್ಡದಲ್ಲ, ಒಂದು ದಿನದ ಕೆಲಸ" ಅಂದ ದಲ್ಲಾಳಿ. ನನಗೆ ವೆಲ್ಡಿಂಗ್ ಬರುತ್ತದೆ, ಟ್ರ್ಯಾಕ್ಟರ್ ಎಂಜಿನ್ ನಾನೇ ಬಿಚ್ಚಿ ಕಟ್ಟಿದ್ದೇನೆ. ಧೈರ್ಯ ಮಾಡಬಹುದಾ?

ಗಂಗಾವಳಿ ದಂಡೆ (ಅಂಕೋಲಾ)
ಬೇಡ ಮಾರಾಯ್ರೇ. ಹಿಟಾಚಿ ಬಾಡಿಗೆಗೆ ತನ್ನಿ, ಹತ್ತು ದಿನದಲ್ಲಿ ಕೆಲಸ ಮುಗಿಸಿ ಕಳಿಸಿಬಿಡಿ.

ಚೈನ್ ಮೇಸ್ತ್ರಿ (ಯಲ್ಲಾಪುರ)
ಹೆಗಡೇರೋ ಭಟ್ಟರೋ ಗೊತ್ತಿಲ್ಲ, ಬೇಣದಮನೆಯವರೇ ಅಂತಲೇ ಕರೆಯುತ್ತೇನೆ. ನಾನು ಬಳ್ಳಾರಿ ಕಡೆ ಗಣಿಯಲ್ಲಿ ಚೈನ್ ಗಾಡಿ ರಿಪೇರಿ ಮಾಡಿಕೊಂಡಿದ್ದವನು. 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಗಣಿ ನಿಲ್ಲಿಸಿದ ಮೇಲೆ ಊರಿಗೆ ಬಂದೆ. ಡಿ-50 ಒಳ್ಳೇ ಗಾಡಿ. ಕೊಮಾಟ್ಸು ವಿನ್ಯಾಸ, ನಮ್ಮ ಕೆಜಿಎಫ್‌ನಲ್ಲಿ ಕಟ್ಟಿದ್ದು. ಸುಮಾರು 12 ಟನ್ ತೂಕ. ತೋಟದ ಕೆಲಸಕ್ಕೆ ಡಿ-65, ಡಿ-80 ದೊಡ್ಡದಾಗುತ್ತದೆ, ಇದು ಸರಿಯಾದ ಅಳತೆ.

ಆದರೆ ನೀವು ಎಂಜಿನ್ ಕೇಳಿ ಖುಷಿಯಾಗಿದ್ದೀರಿ. ಡೋಜರಿನಲ್ಲಿ ರಿಪೇರಿ ಖರ್ಚಿನ ಅರ್ಧದಷ್ಟು ಕೆಳಗಿನ ಭಾಗಕ್ಕೇ ಹೋಗುತ್ತದೆ: ಚೈನು, ಅದರ ಕೊಂಡಿ ಜೋಡಿಸುವ ಪಿನ್ನು-ಬುಶ್ಶು, ಚೈನ್ ಉರುಳುವ ರೋಲರ್, ಮುಂದಿನ ಚಕ್ರ ಐಡ್ಲರ್, ಚೈನ್ ಎಳೆಯುವ ಹಲ್ಲಿನ ಚಕ್ರ ಸ್ಪ್ರಾಕೆಟ್. ಇನ್ನೊಮ್ಮೆ ಹೋಗಿ, ಎಂಜಿನ್ ಬಂದ್ ಮಾಡಿಸಿ ಕೆಳಗೆ ಕೂತು ನೋಡಿ. ಸ್ಪ್ರಾಕೆಟ್ ಹಲ್ಲಿನ ತುದಿ ಅಗಲವಾಗಿ ಇದೆಯಾ, ಇಲ್ಲ ಕೊಡ್ಲಿ ಬಾಯಿಯ ಹಾಗೆ ಚೂಪಾಗಿದೆಯಾ? ಹಲ್ಲು ಕೂರುವ ಜಾಗದಲ್ಲಿ ಬುಶ್ಶಿನ ಮೇಲೆ ಬೆರಳು ಆಡಿಸಿ. ಗುಂಡಗಿರಬೇಕಾದದ್ದು ಒಂದು ಬದಿ ಚಪ್ಪಟೆಯಾಗಿದ್ದರೆ ಸವೆದಿದೆ ಅಂತ ಅರ್ಥ. ಚಪ್ಪಟೆ ಆದರೆ ಹೆದರಬೇಡಿ, ಪ್ರೆಸ್ಸಿನಲ್ಲಿ (ಒತ್ತುವ ಯಂತ್ರದಲ್ಲಿ) ಪಿನ್ನು-ಬುಶ್ಶು ಹೊರಗೆ ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕುತ್ತಾರೆ, ಸವೆಯದ ಬದಿ ಈಚೆ ಬರುತ್ತದೆ. ತುಂಬ ಬುಶ್ಶು ಒಡೆದಿದ್ದರೆ, ತೂತು ಬಿದ್ದಿದ್ದರೆ ಆ ದಾರಿ ಮುಚ್ಚಿತು.

ಇನ್ನೊಂದು. ಈ ಬದಿಯ ಚೈನ್ ಬೇರೆ, ಆ ಬದಿಯ ಚೈನ್ ಬೇರೆ ಸವೆದಿರಬಹುದು. ಒಂದು ನೋಡಿ ಬಂದು ಎರಡೂ ಹಾಗೇ ಅಂದುಕೊಳ್ಳಬೇಡಿ.

ಸಿದ್ದಾಪುರ ಸೀಮೆ
ಮೇಸ್ತ್ರಿ ಹೇಳಿದ್ದು ನೂರಕ್ಕೆ ನೂರು ನಿಜ. ನಾನು 6 ಲಕ್ಷಕ್ಕೆ ಒಂದು ಗಾಡಿ ತಗೊಂಡೆ. ಹೊಸ ಬಣ್ಣ, ಹೊಸ ಸೀಟು, ಫಳಫಳ ಹೊಳೆಯುತ್ತಿತ್ತು. ಮೊದಲನೇ ಬೇಸಿಗೆಯಲ್ಲೇ ಏರಿನಲ್ಲಿ ಚೈನ್ ಬಿಚ್ಚಿಕೊಂಡಿತು. ಚೈನು, ಸ್ಪ್ರಾಕೆಟ್, ನಾಲ್ಕು ರೋಲರ್ ಸೇರಿ ಮೂರೂಮುಕ್ಕಾಲು ಲಕ್ಷ ಹೋಯಿತು. ಬಣ್ಣ ಹೊಸದಾಗಿ ಹೊಡೆದ ಗಾಡಿ ಕಂಡರೆ ಈಗ ನಾನು ಮೊದಲು ಬೋಲ್ಟಿನ ತಲೆ ನೋಡುತ್ತೇನೆ. ಶೂ ಪ್ಲೇಟಿನ (ಚೈನಿನಲ್ಲಿ ನೆಲಕ್ಕೆ ತಾಗುವ ಪಟ್ಟಿ) ಬೋಲ್ಟಿಗೂ ಬಣ್ಣ ಬಳಿದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ.

ಕಾಳಿ ಸಂಗಮ (ಕಾರವಾರ)
ನಮ್ಮ ಕಡೆ 2012ರಲ್ಲಿ ಗೋವಾದ ಗಣಿ ನಿಂತಾಗ ಇಂಥ ಗಾಡಿಗಳು ಸಾಲುಸಾಲಾಗಿ ಮಾರಾಟಕ್ಕೆ ಬಂದಿದ್ದವು. ಅಗ್ಗಕ್ಕೆ ಸಿಕ್ಕಿತು ಅಂತ ತುಂಬ ಜನ ತಗೊಂಡರು. ಅದರಲ್ಲಿ ಓಡಿದ್ದು ಓಡಿದವು. ಸಮುದ್ರದ ಗಾಳಿಗೆ ಬಯಲಲ್ಲಿ ನಿಂತವು ಎರಡೇ ಮಳೆಗಾಲಕ್ಕೆ ಮುಗಿದವು. ಡೋಜರಿಗೆ ಕೆಲಸಕ್ಕಿಂತ ಸುಮ್ನೆ ನಿಲ್ಲುವುದೇ ಜಾಸ್ತಿ ಕೆಟ್ಟದ್ದು. ನಿಮ್ಮ ಗಾಡಿ ಮೂರು ವರ್ಷ ಎಲ್ಲಿ ನಿಂತಿತ್ತು, ಮಾಡಿನ ಕೆಳಗಾ, ಬಯಲಲ್ಲಾ?

ಬೇಣದಮನೆ (ಶಿರಸಿ)
ಬಯಲಲ್ಲೇ. ಸೈಲೆನ್ಸರ್ ಬಾಯಿಗೆ ಡಬ್ಬಿ ಮಗುಚಿದ್ದರು, ಅದೊಂದು ಸಮಾಧಾನ.

ಚೈನ್ ಮೇಸ್ತ್ರಿ (ಯಲ್ಲಾಪುರ)
ಡಬ್ಬಿ ಇಟ್ಟ ಪುಣ್ಯಾತ್ಮನಿಗೆ ನಮಸ್ಕಾರ. ಅದಿಲ್ಲದಿದ್ದರೆ ಮಳೆ ನೀರು ನೇರ ಸಿಲಿಂಡರಿಗೆ ಇಳಿಯುತ್ತಿತ್ತು.

ಬಯಲಲ್ಲಿ ನಿಂತಿದ್ದರೆ ಎಡಕ್ಕೆ ಯಾಕೆ ತಿರುಗುವುದಿಲ್ಲ ಅನ್ನುವುದು ಊಹಿಸಬಹುದು. ಡೋಜರಿಗೆ ಸ್ಟೇರಿಂಗ್ ಚಕ್ರ ಇಲ್ಲ ಅಲ್ವಾ. ಎಡ ಲಿವರ್ ಎಳೆದರೆ ಎಡ ಚೈನಿಗೆ ಹೋಗುವ ಶಕ್ತಿ ಕ್ಲಚ್ಚಿನಲ್ಲಿ ಕಡಿಯುತ್ತದೆ, ಬ್ರೇಕು ಆ ಬದಿಯನ್ನು ಹಿಡಿಯುತ್ತದೆ, ಬಲ ಚೈನ್ ಗಾಡಿಯನ್ನು ತಿರುಗಿಸುತ್ತದೆ. ಒಣ ಪ್ಲೇಟಿನ ಕ್ಲಚ್ ಇದ್ದರೆ ಮಳೆಗಾಲದ ತೇವಕ್ಕೆ ಪ್ಲೇಟುಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಲಿವರ್ ಎಳೆದರೂ ಬಿಡುವುದಿಲ್ಲ, ಗಾಡಿ ನೆಟ್ಟಗೆ ಹೋಗುತ್ತದೆ. ಇನ್ನೊಂದು ಥರದ ತೊಂದರೆಯೂ ಇದೆ. ಫೈನಲ್ ಡ್ರೈವಿನ (ಸ್ಪ್ರಾಕೆಟ್ ತಿರುಗಿಸುವ ಕೊನೆಯ ಗೇರ್ ಪೆಟ್ಟಿಗೆ) ಸೀಲು ಹೋಗಿ ಎಣ್ಣೆ ಒಳಗೆ ಬಂದರೆ ಪ್ಲೇಟು ಜಾರುತ್ತದೆ. ಆಗ ಎಡ ಚೈನು ಭಾರ ಎಳೆಯುವುದಿಲ್ಲ, ಮಣ್ಣು ತಳ್ಳುವಾಗ ಗಾಡಿ ತಾನಾಗಿ ಎಡಕ್ಕೆ ವಾಲುತ್ತದೆ. ನಿಮ್ಮದು ಮೊದಲನೇ ಥರ ಅನಿಸುತ್ತದೆ.

ದಲ್ಲಾಳಿ ಒಂದು ದಿನ ಅಂದನಲ್ಲ, ಸೀಟು, ಡೀಸೆಲ್ ಟ್ಯಾಂಕು, ತಳದ ಪ್ಲೇಟು ಬಿಚ್ಚುವುದಕ್ಕೇ ಒಂದು ದಿನ ಬೇಕು. ಕ್ಲಚ್ ಮೇಲೆತ್ತಲು ಚೈನ್ ಪುಲ್ಲಿ ಬೇಕು. ಒಂದು ವಾರ ಇಟ್ಟುಕೊಳ್ಳಿ.

ಗಂಗಾವಳಿ ದಂಡೆ (ಅಂಕೋಲಾ)
ಎಲ್ಲ ಗಾಡಿ ಬಗ್ಗೆಯೇ ಮಾತಾಡುತ್ತಿದ್ದೀರಿ, ಗುಡ್ಡದ ಬಗ್ಗೆ ಯಾರೂ ಕೇಳಲಿಲ್ಲ. ಬೇಣದಮನೆಯವರೇ, ನಿಮ್ಮ ದಾರಿ ಎಲ್ಲಿ ಹೋಗುತ್ತದೆ? ಮಾಲ್ಕಿಯಲ್ಲೇನಾ, ಬೆಟ್ಟದಲ್ಲಾ?

ಬೇಣದಮನೆ (ಶಿರಸಿ)
ಸುಮಾರು 150 ಮೀಟರ್ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಹೋಗುತ್ತದೆ. ಅಜ್ಜನ ಕಾಲದಿಂದ ಎತ್ತಿನ ಗಾಡಿ ಹೋದ ದಾರಿ ಅದು, ಅದನ್ನೇ ಅಗಲ ಮಾಡುವುದು.

ಗಂಗಾವಳಿ ದಂಡೆ (ಅಂಕೋಲಾ)
ಅಲ್ಲೇ ನಿಲ್ಲಿಸಿ. ಬೆಟ್ಟದಲ್ಲಿ ನಮಗೆ ಇರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು. ಜಮೀನು ಅರಣ್ಯದ್ದು. ಅಲ್ಲಿ ಬ್ಲೇಡ್ ಹಚ್ಚಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕೇಸು, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯೂ ಬರುತ್ತದೆ. ಗಾಡಿಯನ್ನೂ ಜಪ್ತಿ ಮಾಡುತ್ತಾರೆ.

ಸಿದ್ದಾಪುರ ಸೀಮೆ
ಎಲ್ಲದಕ್ಕೂ ಕಾಯ್ದೆ ಹೇಳಿದರೆ ರೈತ ಬದುಕುವುದು ಹೇಗೆ? ಅಡಿಕೆ ಹೊರುವ ಆಳಿಲ್ಲ, ಮದ್ದು ಹೊಡೆಯಲು ಡ್ರಮ್ಮು ಇಳಿಸುವ ದಾರಿ ಇಲ್ಲ. ನೂರು ವರ್ಷ ಬೆಟ್ಟ ಕಾದವರು ನಾವೇ. ಎತ್ತಿನ ಗಾಡಿ ಹೋದಲ್ಲಿ ಪಿಕಪ್ ಹೋದರೆ ಕಾಡು ಹಾಳಾಗುವುದಿಲ್ಲ.

ಗಂಗಾವಳಿ ದಂಡೆ (ಅಂಕೋಲಾ)
ನಿಮ್ಮ ಸಂಕಟ ನನಗೂ ಗೊತ್ತು ತಮ್ಮಾ, ನನ್ನ ತಂಗಿ ಮನೆ ಘಟ್ಟದ ಮೇಲೇ ಇದೆ. ಕಾಯ್ದೆ ಬಿಡಿ, ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ನಮ್ಮ ಮನೆಯಿಂದ ದೂರ ಇಲ್ಲ. ಆಮೇಲೆ ಎಷ್ಟೋ ದಿನ ಹೊಳೆಯಲ್ಲಿ ಹುಡುಕಿದರು. ದಂಡೆ ಮೇಲೆ ನಿಂತು ಕಾಯುತ್ತಿದ್ದವರ ಮುಖ ಈಗಲೂ ಕಣ್ಣ ಮುಂದೆ ಇದೆ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಕ್ಕೆ ತೋಟವೇ ಜಾರಿ ಹೋಯಿತು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ಮೇಲಿನ ಮಣ್ಣಿಗೆ ಆಧಾರ ತೆಗೆದರೆ, ಮಳೆಗಾಲದಲ್ಲಿ ಅದು ಎಲ್ಲಿ ನಿಲ್ಲಬೇಕು? ಡೋಜರಿನವನಿಗೆ ಒಂದು ತಾಸಿನ ಕೆಲಸ, ಕೆಳಗೆ ಮನೆ ಇದ್ದವರಿಗೆ ನಾಲ್ಕು ತಿಂಗಳು ನಿದ್ದೆ ಇಲ್ಲ.

ಚೈನ್ ಮೇಸ್ತ್ರಿ (ಯಲ್ಲಾಪುರ)
ಕಳಚೆಗೆ ನಾನು ಹೋಗಿದ್ದೆ, ದಾರಿ ಬಿಡಿಸುವ ಗಾಡಿ ಜೊತೆ. ಅಂಕೋಲೆಯವರು ಹೇಳಿದ್ದಕ್ಕೆ ನನ್ನದೂ ಒಂದು ಮಾತು ಸೇರಿಸಿ. ದಾರಿ ಕಡಿಯುವಾಗ ಒಂದೇ ಎತ್ತರದ ಗೋಡೆ ಮಾಡಬೇಡಿ, ಮೆಟ್ಟಿಲು ಮೆಟ್ಟಿಲಾಗಿ ಬಿಡಿ. ಗುಡ್ಡದ ಬದಿಗೆ ಚರಂಡಿ ಮೊದಲು, ದಾರಿ ಆಮೇಲೆ. ಕಡಿದ ಮಣ್ಣನ್ನು ಇಳಿಜಾರಿಗೆ ತಳ್ಳಬೇಡಿ. ಡೋಜರಿಗೆ ಅದು ಸುಲಭ, ಅದಕ್ಕೇ ಎಲ್ಲರೂ ಮಾಡುವುದು. ಆ ಮಣ್ಣು ಮೊದಲನೇ ಮಳೆಗೇ ತೋಟಕ್ಕೆ ಇಳಿದು ಬಸಿಗಾಲುವೆ ಮುಚ್ಚುತ್ತದೆ, ಮರದ ಬುಡದಲ್ಲಿ ನೀರು ನಿಲ್ಲುತ್ತದೆ.

ಬೇಣದಮನೆ (ಶಿರಸಿ)
ಸರಿ, ಒಪ್ಪಿದೆ. ಬೆಟ್ಟದ 150 ಮೀಟರ್ ಬಿಡುತ್ತೇನೆ. ಬೇಣದಲ್ಲೇ ಸುತ್ತುಹಾಕಿ ಇಳಿಸಬಹುದು, 80 ಮೀಟರ್ ಉದ್ದ ಜಾಸ್ತಿ ಆಗುತ್ತದೆ. ಅಳತೆಯವರನ್ನು ಕರೆಸಿ ಮಾಲ್ಕಿ ಗಡಿಗೆ ಕಲ್ಲು ಹಾಕಿಸಿಯೇ ಶುರು ಮಾಡುತ್ತೇನೆ.

ಅಘನಾಶಿನಿ (ಕುಮಟಾ)
ನಡುವೆ ಬಾಯಿ ಹಾಕುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮ ಗಜನಿಯ (ಹೊಳೆ ಸಮುದ್ರ ಸೇರುವಲ್ಲಿನ ತಗ್ಗು ಗದ್ದೆ) ಕಟ್ಟೆ ಒಡೆದಿದೆ, ಉಪ್ಪುನೀರು ನುಗ್ಗಿ ಕಗ್ಗ ಭತ್ತ ಹೋಯಿತು. ಇಂಥ ಡೋಜರ್ ತಂದು ಕಟ್ಟೆ ಕಟ್ಟಿಸಬಹುದಾ? ಚೈನ್ ಗಾಡಿ ಕೆಸರಲ್ಲಿ ಹೂತುಹೋಗುವುದಿಲ್ಲ ಅನ್ನುತ್ತಾರೆ.

ಚೈನ್ ಮೇಸ್ತ್ರಿ (ಯಲ್ಲಾಪುರ)
ಹೂತುಹೋಗುತ್ತದೆ. ಚೈನು ಭಾರ ಹರಡುತ್ತದೆ ನಿಜ, ಆದರೆ ಗಜನಿಯ ಕೆಸರಿಗೆ ಅದು ಸಾಲದು. ಜೌಗಿಗೆ ಅಗಲ ಶೂ ಇರುವ ಬೇರೆ ಮಾದರಿ ಬರುತ್ತದೆ. ನಿಮಗೆ ಉದ್ದ ಕೈಯ ಹಿಟಾಚಿ ಬೇಕು, ಗಟ್ಟಿ ನೆಲದಲ್ಲಿ ನಿಂತು ಕೆಸರೆತ್ತಿ ಕಟ್ಟೆಗೆ ಹಾಕುವಂಥದ್ದು. ಉಪ್ಪುನೀರಿನಲ್ಲಿ ಕೆಲಸ ಮಾಡಿದ ದಿನವೇ ಸಿಹಿನೀರಲ್ಲಿ ತೊಳೆಯಬೇಕು.

ಅಘನಾಶಿನಿ (ಕುಮಟಾ)
ತಿಳಿಯಿತು, ಉಪಕಾರವಾಯಿತು.

ಕಾಳಿ ಸಂಗಮ (ಕಾರವಾರ)
ಬೇಣದಮನೆಯವರೇ, ಹೊಂಡದ ವಿಷಯ. ಡೋಜರಿನಿಂದ ಹೊಂಡ ತೆಗೆದರೆ ಎರಡೂ ತುದಿ ಇಳಿಜಾರು ಬಿಡಲೇಬೇಕು, ಗಾಡಿ ಒಳಗೆ ಇಳಿದು ಹತ್ತಬೇಕಲ್ಲ. ಜಾಗ ಜಾಸ್ತಿ ಹೋಗುತ್ತದೆ, ಆಳ ಸಿಗುವುದಿಲ್ಲ. ಹೊಂಡಕ್ಕೆ ಹಿಟಾಚಿ, ಅಂಗಳಕ್ಕೆ ಡೋಜರ್. 60-70 ಮೀಟರಿನೊಳಗೆ ಮಣ್ಣು ತಳ್ಳಿ ಹರಡುವುದಾದರೆ ಡೋಜರಿಗೆ ಸಮ ಯಾವುದೂ ಇಲ್ಲ. ಅಂಗಳ ಮಾಡುವಾಗ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ, ಒಂದು ಮುಷ್ಟಿಯನ್ನೂ ಕೆಳಗಿನ ಕೆಂಪು ಜಂಬಿಟ್ಟಿಗೆ ಮಣ್ಣಿನ ಜೊತೆ ಕಲಸಬೇಡಿ. ತೋಟಕ್ಕೆ ಅದೇ ಬಂಗಾರ.

ಬೇಣದಮನೆ (ಶಿರಸಿ)
ನಿನ್ನೆ ಇನ್ನೊಮ್ಮೆ ಮುಂಡಗೋಡಕ್ಕೆ ಹೋಗಿ ಬಂದೆ. ಈ ಸಲ ನೀವು ಹೇಳಿದ್ದನ್ನೆಲ್ಲ ಬರೆದುಕೊಂಡು, ದಲ್ಲಾಳಿಗೆ ಹೇಳದೆ ಬೆಳಿಗ್ಗೆ 7ಕ್ಕೇ ಹೋದೆ. ಎಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಮೊದಲೇ ಬಿಸಿ ಮಾಡಿ ಇಟ್ಟಿರಲಿಲ್ಲ. ಚಾಲೂ ಆದಾಗ ಬಿಳಿ ಹೊಗೆ ಬಂತು, ಐದು ನಿಮಿಷಕ್ಕೆ ತಿಳಿಯಾಯಿತು. ಎಣ್ಣೆ ಹಾಕುವ ಮುಚ್ಚಳ ತೆಗೆದೆ, ಸ್ವಲ್ಪ ಹಬೆ ಇತ್ತು, ಬುಸುಗುಡಲಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ.

ಬ್ಲೇಡ್ ಎತ್ತಿ ಎಂಜಿನ್ ಬಂದ್ ಮಾಡಿಸಿದೆ. ಹತ್ತು ನಿಮಿಷಕ್ಕೆ ಒಂದು ಗೇಣು ಇಳಿಯಿತು. ಬಲ ಚೈನಿನ ಬುಶ್ಶು ಒಂದು ಬದಿ ಚಪ್ಪಟೆ, ಒಡೆದಿಲ್ಲ. ಎಡದ್ದೂ ಹಾಗೇ, ಆದರೆ ಒಂದು ಬುಶ್ಶು ಸೀಳಿದೆ. ಸ್ಪ್ರಾಕೆಟ್ ಹಲ್ಲು ಚೂಪಾಗುವ ಹಂತದಲ್ಲಿದೆ. ಎಡ ಫೈನಲ್ ಡ್ರೈವಿನ ಡ್ರೇನ್ ಪ್ಲಗ್ ಸಡಿಲಿಸಿದಾಗ ಮೊದಲು ಎರಡು ಚಮಚದಷ್ಟು ನೀರು, ಆಮೇಲೆ ಹಾಲು ಹಾಕಿದ ಚಹದ ಬಣ್ಣದ ಎಣ್ಣೆ ಬಂತು. ಪ್ಲಗ್ಗಿನ ಆಯಸ್ಕಾಂತಕ್ಕೆ ನುಣ್ಣಗಿನ ಕಪ್ಪು ಕೆಸರು ಮಾತ್ರ, ಚೂರು ಇರಲಿಲ್ಲ.

ಅಲ್ಲಿ ಆ ಗಾಡಿ ಓಡಿಸಿದ್ದ ಹಳೇ ಆಪರೇಟರ್ ಸಿಕ್ಕರು. ಅರವತ್ತು ದಾಟಿದೆ. ಸೈಲೆನ್ಸರಿಗೆ ಡಬ್ಬಿ ಮಗುಚಿದ್ದು ಅವರೇ. ಪ್ರತಿ ಮಳೆಗಾಲದ ಮೊದಲು ಬಂದು ಡಬ್ಬಿ ನೆಟ್ಟಗಿದೆಯಾ ಅಂತ ನೋಡಿ ಹೋಗುತ್ತಿದ್ದರಂತೆ, ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. "ಇದರ ಎಂಜಿನ್ ನಾನು ಕಾದಿದ್ದೇನೆ, ಕೆಳಗಿನದ್ದು ನನ್ನ ಕೈಯಲ್ಲಿ ಆಗಲಿಲ್ಲ" ಅಂದರು. ನನಗೆ ಆ ಮಾತು ಕೇಳಿ ಗಂಟಲು ಕಟ್ಟಿತು.

ಚೈನ್ ಮೇಸ್ತ್ರಿ (ಯಲ್ಲಾಪುರ)
ಅಂಥ ಆಪರೇಟರ್ ಕೈಯಲ್ಲಿ ಇದ್ದ ಗಾಡಿ ಅಂದರೆ ನನಗೆ ಅರ್ಧ ನಂಬಿಕೆ ಬಂತು. ಲೋಹದ ಚೂರು ಇಲ್ಲ ಅಂದರೆ ಗೇರು, ಬೇರಿಂಗು ಉಳಿದಿರಬೇಕು, ಸೀಲು ಬದಲಿಸಿ ತೊಳೆದು ಹೊಸ ಎಣ್ಣೆ ಹಾಕಿ. ಪಿನ್ನು-ಬುಶ್ಶು ತಿರುಗಿಸಬಹುದು, ಸೀಳಿದ ಒಂದನ್ನು ಬದಲಿಸಿ. ಸ್ಪ್ರಾಕೆಟ್ ಹಳೆಯದನ್ನೇ ಇಟ್ಟರೆ ತಿರುಗಿಸಿದ ಬುಶ್ಶನ್ನೂ ಅದು ತಿನ್ನುತ್ತದೆ, ಅದೂ ಹೊಸದಾಗಲಿ. ಬ್ಲೇಡ್ ಇಳಿಯುವುದಕ್ಕೆ ಮೊದಲು ಸಿಲಿಂಡರಿನ ಸೀಲ್ ಕಿಟ್ ಹಾಕಿ ನೋಡಿ. ಇಷ್ಟಕ್ಕೆ ನನ್ನ ಲೆಕ್ಕದಲ್ಲಿ ಎರಡರಿಂದ ಎರಡೂವರೆ ಲಕ್ಷ ಬೇಕು. ಆ ಹಣ ಕಳೆದು ಬೆಲೆ ಕೇಳಿ. 4.50ಕ್ಕಿಂತ ಮೇಲೆ ಹೋಗಬೇಡಿ.

ಸಿದ್ದಾಪುರ ಸೀಮೆ
4.50 ಜಾಸ್ತಿಯೇ. ನಾನಾದರೆ 4 ಕೇಳುತ್ತೇನೆ. ಗುಜರಿಗೆ ಹಾಕಿದರೆ ಅವರಿಗೆ ಎಷ್ಟು ಬರುತ್ತದೆ ಅಂತ 12 ಟನ್ನಿನ ಲೆಕ್ಕ ಹಾಕಿಕೊಂಡು ಹೋಗಿ, ಮಾತು ಅಲ್ಲಿಂದ ಶುರು ಮಾಡಿ.

ಕಾಳಿ ಸಂಗಮ (ಕಾರವಾರ)
ಕಾಗದ ನೋಡಿದ್ರಾ? ಚೈನ್ ಗಾಡಿಗೆ ಜೇಸಿಬಿಯ ಹಾಗೆ ನಂಬರ್ ಪ್ಲೇಟು ಇರುವುದಿಲ್ಲ. ಮೊದಲ ಖರೀದಿಯ ಬಿಲ್ಲು, ಅಲ್ಲಿಂದ ಈಚೆಗೆ ಮಾರಾಟದ ಪತ್ರ, ಗಾಡಿ ಮೇಲಿನ ಸೀರಿಯಲ್ ನಂಬರು, ಎಂಜಿನ್ ನಂಬರು ಎಲ್ಲ ತಾಳೆಯಾಗಬೇಕು. ಸಾಲ ಇದ್ದಿದ್ದರೆ ಬ್ಯಾಂಕಿನಿಂದ ತೀರಿದೆ ಅಂತ ಪತ್ರ ತಗೊಳ್ಳಿ. ನನ್ನ ಗೆಳೆಯ ಒಬ್ಬ ಪೂರ್ತಿ ಹಣ ಕೊಟ್ಟು ಮನೆಗೆ ತಂದ ಗಾಡಿಯನ್ನು ಸಾಲ ಕೊಟ್ಟವರು ಬಂದು ಒಯ್ದರು.

ಗಂಗಾವಳಿ ದಂಡೆ (ಅಂಕೋಲಾ)
ಸಾಗಿಸುವುದು ಹೇಗೆ? ರಸ್ತೆ ಮೇಲೆ ಚೈನ್ ಓಡಿಸುವ ಹಾಗಿಲ್ಲ, ಡಾಂಬರು ಕಿತ್ತು ಬರುತ್ತದೆ. ಟ್ರೇಲರ್ ಮೇಲೆ ಬರಬೇಕು. ನಿಮ್ಮ 2 ಕಿಲೋಮೀಟರ್ ಒಳದಾರಿಯಲ್ಲಿ ಸಂಕ (ಸಣ್ಣ ಸೇತುವೆ), ಮೋರಿ ಇದ್ದರೆ ಈಗಲೇ ನೋಡಿಕೊಳ್ಳಿ. 12 ಟನ್ ಡೋಜರಿಗೆ ಟ್ರೇಲರ್ ಭಾರವೂ ಸೇರುತ್ತದೆ.

ಬೇಣದಮನೆ (ಶಿರಸಿ)
ಹೌದಲ್ವಾ! ಒಂದು ಕಲ್ಲುಚಪ್ಪಡಿ ಮೋರಿ ಇದೆ. ಅದು ನನಗೆ ಹೊಳೆದೇ ಇರಲಿಲ್ಲ.

ಗಂಗಾವಳಿ ದಂಡೆ (ಅಂಕೋಲಾ)
ಮೋರಿಗೆ ಈಚೆ ಇಳಿಸಿ, ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಪಕ್ಕದಲ್ಲೇ ದಾಟಿಸಿ. ಜಾಗದವರನ್ನು ಕೇಳಿಕೊಂಡು.

ಚೈನ್ ಮೇಸ್ತ್ರಿ (ಯಲ್ಲಾಪುರ)
ತಗೊಳ್ಳುವುದು ಬಿಡುವುದು ನಿಮ್ಮಿಷ್ಟ. ಜೀವದ ವಿಷಯ ಮಾತ್ರ ದಯವಿಟ್ಟು ನಡೆಸಿಕೊಡಿ. ಬ್ಲೇಡ್ ಎತ್ತಿಟ್ಟು ಅದರ ಕೆಳಗೆ ಕೈ ಹಾಕಬೇಡಿ, ದಪ್ಪ ಮರದ ದಿಮ್ಮಿ ಕೊಟ್ಟೇ ಕೆಲಸ ಮಾಡಿ. ನಿಮ್ಮ ಬ್ಲೇಡ್ ತಾನಾಗಿ ಇಳಿಯುವಂಥದ್ದು. ಚೈನ್ ಬಿಗಿ ಮಾಡುವುದು ಗ್ರೀಸಿನ ಒತ್ತಡದಲ್ಲಿ. ಸಡಿಲಿಸುವಾಗ ವಾಲ್ವ್ ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬೇಡಿ, ಎದುರಿಗೆ ಮುಖ ತರಬೇಡಿ. ಅದು ಗುಂಡಿನ ಹಾಗೆ ಹಾರುತ್ತದೆ, ನನ್ನ ಜೊತೆಗಿದ್ದವನ ಒಂದು ಕಣ್ಣು ಹಾಗೇ ಹೋಯಿತು. ಐಡ್ಲರಿಗೂ ಮೇಲಿನ ರೋಲರಿಗೂ ನಡುವೆ ಒಂದು ನೆಟ್ಟಗಿನ ಪಟ್ಟಿ ಇಟ್ಟು ನೋಡಿದರೆ ಚೈನು 20ರಿಂದ 30 ಮಿಲಿಮೀಟರ್ ಜೋಲಬೇಕು. ಅದಕ್ಕಿಂತ ಬಿಗಿಯಾದರೆ ಸವೆತ ಜಾಸ್ತಿ.

ಮಗುಚಿದರೆ ಓಡಿಸುವವನನ್ನು ಕಾಯುವ ಗಟ್ಟಿ ಚೌಕಟ್ಟು ಮೇಲೆ ಇಲ್ಲದ ಹಳೇ ಗಾಡಿ ಆದರೆ, ಅದನ್ನು ಹಾಕಿಸುವ ತನಕ ಇಳಿಜಾರಿಗೆ ಅಡ್ಡ ಓಡಿಸಲೇಬೇಡಿ.

ಬೇಣದಮನೆ (ಶಿರಸಿ)
ತಗೊಂಡೆ. 4.40ಕ್ಕೆ ಮುಗಿಯಿತು, ಕಾಗದ ಎಲ್ಲ ತಾಳೆಯಾಯಿತು. ಅಕ್ಕಪಕ್ಕದ ಇಬ್ಬರು ಮೂರನೇ ಒಂದೊಂದು ಪಾಲು ಹಾಕಿದ್ದಾರೆ, ಅವರಿಗೂ ಬೇಣದ ಕೆಲಸ ಇದೆ. ಟ್ರೇಲರಿನಿಂದ ಮೋರಿಗೆ ಈಚೆ ಇಳಿಸಿ, ಒಣ ಹಳ್ಳದಲ್ಲಿ ದಾಟಿಸಿದೆವು. ಎಡಕ್ಕೆ ತಿರುಗದ ಗಾಡಿಯನ್ನು ಆ ಹಳೇ ಆಪರೇಟರ್ರೇ ಬಂದು, ಎಡ ತಿರುವು ಬಂದಲ್ಲೆಲ್ಲ ಬಲಕ್ಕೆ ಹಿಂದೆ ಮುಂದೆ ಮಾಡಿ ಮಾಡಿ ಮನೆ ತನಕ ತಂದರು. ಮೂರು ತಾಸು ಹಿಡಿಯಿತು. ಅಮ್ಮ ಅವರಿಗೆ ಬಡಿಸುವಾಗ ಎರಡನೇ ಸಲ ತಂಬುಳಿ ಕೇಳಿದರು.

ಚೈನ್ ಮೇಸ್ತ್ರಿ (ಯಲ್ಲಾಪುರ)
ಬಹಳ ಸಂತೋಷ. ಕ್ಲಚ್ ಬಿಚ್ಚುವ ದಿನ ಹೇಳಿ, ನಾನೇ ಬರುತ್ತೇನೆ.

ಬೇಣದಮನೆ (ಶಿರಸಿ)
ಮೇಸ್ತ್ರಿಗಳು ಹೇಳಿದ ಹಾಗೇ ಬಂದರು, ಎರಡು ದಿನ ನಮ್ಮಲ್ಲೇ ಉಳಿದರು. ಎಡ ಕ್ಲಚ್ಚಿನ ಪ್ಲೇಟುಗಳು ಹಪ್ಪಳದ ಕಟ್ಟಿನ ಹಾಗೆ ಅಂಟಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ, ತಿಕ್ಕಿ, ನಾಲ್ಕು ಹೊಸದು ಹಾಕಿ ಕೂಡಿಸಿದೆವು. ಚೈನು ಹುಬ್ಬಳ್ಳಿಗೆ ಪ್ರೆಸ್ಸಿಗೆ ಹೋಗಿದೆ, ಸ್ಪ್ರಾಕೆಟ್ಟೂ ಅಲ್ಲೇ ಸಿಗುತ್ತದಂತೆ. ಬೇಣದ ಅಂಗಳ ಮೇ 20ರೊಳಗೆ ಆಗಬೇಕು. ದಾರಿ ಈ ವರ್ಷ ಕಡಿಯುವುದಿಲ್ಲ, ಹೊಸ ಕಡಿತ ಮಳೆಗೆ ಸಿಗುವುದು ಬೇಡ. ಈ ಮಳೆಗಾಲ ನೀರು ಎಲ್ಲೆಲ್ಲಿ ಹರಿಯುತ್ತದೆ ಅಂತ ನೋಡಿಕೊಂಡು, ಅಕ್ಟೋಬರಿನಲ್ಲಿ ಚರಂಡಿಯಿಂದ ಶುರು ಮಾಡುತ್ತೇನೆ.

ಗಾಡಿಗೆ ಕೊಟ್ಟಿಗೆ ಪಕ್ಕ ತಗಡಿನ ಮಾಡು ಏರಿಸುತ್ತಾ ಇದ್ದೇವೆ. ಆ ಡಬ್ಬಿಯನ್ನೂ ಮುಂಡಗೋಡದಿಂದ ತಂದಿದ್ದೇನೆ.